ಚುಕ್ಕೆಗಳ ಮೇಲೆ ಇಟ್ಟ ಕಲ್ಲು

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿಗೆ ಹೆಸರು ಬರೆಸಿ ಹದಿನೇಳು ದಿನ ಹೋಗಿದ್ದೆ, ಅಷ್ಟೆ. ಬೋಳಾರದ ಹೊಳೆಯ ಬದಿಯಲ್ಲಿ ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಆ ವರ್ಷ ಬಾಗಿಲು ಹಾಕಿತು. ಯಾರ ಕನಿಕರಕ್ಕೂ ಇದನ್ನು ಹೇಳುತ್ತಿಲ್ಲ. ಹದಿನೆಂಟನೆಯ ದಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೂತು ಕಾಗದ ಮಡಚುತ್ತಿದ್ದೆ. ಸಂಜೆಯ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಹಳಬನಿಗಿಂತ ಒಂದು ಕಟ್ಟು ಹೆಚ್ಚೇ ಮಡಚಿದ್ದೆ. ಅವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಅಂಗಡಿಯ ಯಜಮಾನರು ಕಲಿಸಿದ್ದು ಎರಡೇ ವಿಷಯ. ಅಂಟು ಸರಿಯಾಗಿ ಬೇಯಬೇಕು. ಪುಸ್ತಕದ ಮೇಲೆ ಭಾರ ಸರಿಯಾಗಿ ಕೂರಬೇಕು. ಮೈದಾಕ್ಕೆ ಚಿಟಿಕೆ ಮೈಲುತುತ್ತ ಸೇರಿಸಿ ಕುದಿಸಿದ ಅಂಟಿನ ಹತ್ತಿರ ಹುಳ ಬರುವುದಿಲ್ಲ. ಭಾರವಿಲ್ಲದೆ ಒಣಗಿದ ಪುಸ್ತಕ ನಮ್ಮ ಊರಿನ ತೇವಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಈ ಎರಡು ಮಾತುಗಳ ಮೇಲೆಯೇ ಇಪ್ಪತ್ತು ವರ್ಷ ಅನ್ನ ಉಂಡೆ. ವಕೀಲರ ಪುಸ್ತಕ, ಚರ್ಚಿನ ದಾಖಲೆ, ಕಾಲೇಜಿನ ಪ್ರಬಂಧ, ಎಲ್ಲವೂ ನನ್ನ ಕೈಯಲ್ಲಿ ಹಲಗೆಯ ಹಾಗೆ ಸಪಾಟಾಗಿ ಹೊರಗೆ ಹೋದವು.

ಆ ಅಂಗಡಿಯೂ ಮುಚ್ಚಿದ ಮೇಲೆ ಒಂದು ಟ್ರಸ್ಟಿನ ಲೈಬ್ರರಿಗೆ ಸೇರಿದೆ. ದೊಡ್ಡ ಲೈಬ್ರರಿ ಪೇಟೆಯ ಮಧ್ಯೆ ಉಂಟು. ಸುರತ್ಕಲ್, ವಾಮಂಜೂರು, ಬೋಳಾರಗಳಲ್ಲಿ ಒಂದೊಂದು ಶಾಖೆ. ಒಂದು ಶಾಖೆಯಲ್ಲಿ ಇಲ್ಲದ ಪುಸ್ತಕವನ್ನು ಓದುಗರು ಕೇಳಿದರೆ ಇನ್ನೊಂದರಿಂದ ತರಿಸಿಕೊಡಬೇಕು. ಬೆಳಿಗ್ಗೆ ನಮ್ಮ ಲೈಬ್ರೇರಿಯನ್ ಮೇಡಂ ಕಂಪ್ಯೂಟರಿನಿಂದ ಪಟ್ಟಿ ತೆಗೆದು ಕೊಡುತ್ತಾರೆ. ನಾನು ಕಪಾಟಿನಿಂದ ಪುಸ್ತಕ ಇಳಿಸಿ, ಚೀಟಿ ಬರೆದು, ಅಂಟಿಸಿ, ಕಟ್ಟು ಕಟ್ಟಿ ಹನ್ನೊಂದು ಗಂಟೆಯ ವ್ಯಾನಿಗೆ ಹಾಕಬೇಕು. ಚೀಟಿಯಲ್ಲಿ ನಾಲ್ಕು ಸಾಲು: ಎಲ್ಲಿಂದ, ಎಲ್ಲಿಗೆ, ಯಾರಿಗೆ, ಯಾವಾಗ ವಾಪಸು. ಸುರತ್ಕಲ್ಲಿಗೆ ನೀಲಿ ಅಕ್ಷರ, ವಾಮಂಜೂರಿಗೆ ಹಸಿರು, ಬೋಳಾರಕ್ಕೆ ಕೆಂಪು. ಈ ಬಣ್ಣದ ಪದ್ಧತಿ ನಾನೇ ಮಾಡಿದ್ದು. ವ್ಯಾನಿನ ಡ್ರೈವರ್ ಕನ್ನಡಕ ಮರೆತು ಬಂದ ದಿನವೂ ಕಟ್ಟು ತಪ್ಪಿ ಹೋಗಬಾರದು ಎಂದು.

ಕಂಪ್ಯೂಟರಿನ ಸ್ಟಿಕ್ಕರ್ ಬಂದಾಗ ನಾನು ಒಪ್ಪಲಿಲ್ಲ. ಅದು ಮೂರನೆಯ ಸಲ ಕೈ ತಾಗುವಾಗ ಏಳುತ್ತದೆ. ನನ್ನ ಮೈದಾ ಅಂಟಿನ ಚೀಟಿ ಏಳುವುದಿಲ್ಲ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಅದರ ಮೇಲೆ ಚೀಟಿ ಅಂಟಿಸಿ, ಸೆಣಬಿನ ಹುರಿಯಿಂದ ಅಡ್ಡ ಒಂದು, ಉದ್ದ ಒಂದು ಬಿಗಿದು, ಅಂಟು ಒಣಗುವವರೆಗೆ ಮೇಲೆ ಕೆಂಪು ಕಲ್ಲು ಇಡುತ್ತಿದ್ದೆ. ಹಳೆಯ ಪಂಚೆಯಲ್ಲಿ ಸುತ್ತಿದ ಎರಡು ಕಲ್ಲುಗಳು ನನ್ನ ಮೇಜಿನ ಕೆಳಗೆ ಯಾವಾಗಲೂ ಇರುತ್ತಿದ್ದವು. ಮೇಡಂ ಒಮ್ಮೆ, ಇಷ್ಟೆಲ್ಲ ಬೇಕಾ, ವ್ಯಾನಿನಲ್ಲಿ ಅರ್ಧ ಗಂಟೆಯ ದಾರಿ ಅಲ್ಲವಾ ಎಂದು ಕೇಳಿದರು. ಬೇಕು ಎಂದೆ. ಅವರು ಎಂ.ಎ. ಮಾಡಿದವರು, ನನಗಿಂತ ಹತ್ತು ವರ್ಷ ಚಿಕ್ಕವರು, ಮತ್ತೆ ಕೇಳಲಿಲ್ಲ.

ಎರಡು ವರ್ಷದ ಹಿಂದೆ, ಮಳೆ ಬಿಡುವ ಹೊತ್ತಿಗೆ, ಒಂದು ಶುಕ್ರವಾರ ಪಟ್ಟಿಯಲ್ಲಿ ಬ್ರೈಲ್ ಪುಸ್ತಕ ಬಂತು. ಸುರತ್ಕಲ್ ಶಾಖೆಯ ಓದುಗರೊಬ್ಬರಿಗೆ. ಸರಕಾರಿ ನೌಕರರ ಸೇವಾ ನಿಯಮಗಳ ಪುಸ್ತಕ, ಮೂರನೆಯ ಸಂಪುಟ. ಮಾಮೂಲಿ ಅಚ್ಚಿನಲ್ಲಿ ಅದು ಒಂದೇ ಪುಸ್ತಕ, ಬ್ರೈಲಿನಲ್ಲಿ ಮೂರು ದಪ್ಪ ಸಂಪುಟ. ಮೊದಲ ಎರಡನ್ನು ಅವರ ತಮ್ಮ ಬಂದು ಕೈಯಲ್ಲೇ ಒಯ್ದಿದ್ದನಂತೆ. ಹಾಗಾಗಿ ಬ್ರೈಲ್ ಪುಸ್ತಕವೊಂದು ನನ್ನ ಕೈಯಿಂದ ಹೋಗುವುದು ಅದೇ ಮೊದಲು.

ಇಳಿಸಿ ನೋಡಿದೆ. ಪುಸ್ತಕ ಉಬ್ಬಿಕೊಂಡಿತ್ತು. ಹಾಳೆ ಹಾಳೆಯ ನಡುವೆ ಗಾಳಿ. ಒತ್ತಿದರೆ ಸ್ಪಂಜಿನ ಹಾಗೆ ತಗ್ಗಿ ಮತ್ತೆ ಏಳುತ್ತಿತ್ತು. ಬೈಂಡಿಂಗಿನವನ ಕಣ್ಣಿಗೆ ಅದರ ಅರ್ಥ ಒಂದೇ: ತೇವ ಕುಡಿದಿದೆ. ಮಳೆಗಾಲವಿಡೀ ಮೂಲೆಯ ಕಪಾಟಿನಲ್ಲಿ ನಿಂತ ಪುಸ್ತಕ ಬೇರೆ ಹೇಗಿರುತ್ತದೆ? ಇದನ್ನು ಹೀಗೇ ಕಳುಹಿಸಿದರೆ ನಮ್ಮ ಲೈಬ್ರರಿಯ ಮಾನ ಎಂತದ್ದು ಎಂದುಕೊಂಡೆ. ವ್ಯಾನಿಗೆ ಅದನ್ನು ಹಾಕಲಿಲ್ಲ, ಸೋಮವಾರ ಕಳುಹಿಸುತ್ತೇನೆ ಎಂದೆ. ಹೊದಿಕೆ ಹಾಕುವಷ್ಟು ಕಂದು ಕಾಗದ ಆ ಅಳತೆಗೆ ಸಿಗಲಿಲ್ಲ; ಚೀಟಿಯನ್ನು ರಟ್ಟಿನ ಮೇಲೆಯೇ ಅಂಟಿಸಿ ಹೆಬ್ಬೆರಳಿನಿಂದ ತಿಕ್ಕಿ ಕೂರಿಸಿದೆ. ಮೇಲೊಂದು ಹಲಗೆ, ಹಲಗೆಯ ಮೇಲೆ ಎರಡೂ ಕಲ್ಲು. ಶನಿವಾರ ನೋಡಿದಾಗ ಸ್ವಲ್ಪ ತಗ್ಗಿತ್ತು, ಸಾಲದು ಅನಿಸಿ ಹುರಿ ಬಿಗಿದು, ಮೇಲೆ ನಾಲ್ಕು ದಪ್ಪ ಡಿಕ್ಷನರಿಗಳನ್ನೂ ಪೇರಿಸಿದೆ. ಸೋಮವಾರ ಬೆಳಿಗ್ಗೆ ಬಿಚ್ಚಿದರೆ ಅರ್ಧಕ್ಕೆ ಅರ್ಧ ತೆಳ್ಳಗಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಡ್ರೈವರನಿಗೆ ಕರೆದು ತೋರಿಸಿದೆ.

ಬುಧವಾರ ಸುರತ್ಕಲ್ಲಿನಿಂದ ಫೋನು ಬಂತು. ಮೇಡಂ ಕೇಳಿಸಿಕೊಂಡು, ಫೋನು ಇಟ್ಟು, ನನ್ನ ಮೇಜಿನ ಹತ್ತಿರ ಬಂದು ನಿಂತರು. ಮೂರನೆಯ ಸಂಪುಟ ಓದಲಿಕ್ಕೇ ಆಗುವುದಿಲ್ಲವಂತೆ, ಚುಕ್ಕೆಗಳೆಲ್ಲ ಕೂತು ಹೋಗಿವೆಯಂತೆ ಎಂದರು. ಇಲ್ಲಿಂದ ಹೋಗುವಾಗ ಹೇಗಿತ್ತು ಎಂದು ಕೇಳಿದರು.

ನಾನು ಕಟ್ಟಿದ ಕಟ್ಟು ಬಿಚ್ಚಿತ್ತಾ ಎಂದು ಕೇಳಿದೆ. ಇಲ್ಲ. ಚೀಟಿ ಎದ್ದಿತ್ತಾ? ಇಲ್ಲ. ಹಾಗಾದರೆ ನನ್ನ ಕಡೆಯಿಂದ ತಪ್ಪಿಲ್ಲ, ವ್ಯಾನಿನಲ್ಲಿ ಯಾರಾದರೂ ಮೇಲೆ ಏನಾದರೂ ಇಟ್ಟಿರಬೇಕು ಎಂದೆ. ಮೇಡಂ ಡ್ರೈವರನನ್ನು ಕೇಳಿದರು. ಅವನು ವಾಮಂಜೂರಿನವನು, ಒಂದು ಮಾತಿಗೆ ಹತ್ತು ಮಾತು ಆಡುವವನು. ಆ ದಿನ ಹೆಚ್ಚು ಆಡಲಿಲ್ಲ. ನನ್ನ ಮುಖ ನೋಡಿ, "ಎಂತ ಮಾರಾಯ, ನೀನೇ ತೋರಿಸಿದ್ದಲ್ಲ ನಂಗೆ" ಎಂದಷ್ಟೇ ಹೇಳಿ ಹೋದ.

ಮತ್ತೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಮೊದಲೇ ನಾನು ಸುಮ್ಮನೆ ಕೂರುವವನಲ್ಲ. ವ್ಯಾನು ಬರುವವರೆಗೆ ಗೇಟಿಗೂ ಮೇಜಿಗೂ ನಾಲ್ಕು ಸಲ ನಡೆಯುವವನು. ಆ ಎರಡು ದಿನ ಗೇಟಿಗೆ ಹೋದರೆ ಯಾಕೆ ಹೋದೆ ಎಂದು ತಿಳಿಯುತ್ತಿರಲಿಲ್ಲ. ನಾಲ್ಕು ಚೀಟಿಗೆ ತಪ್ಪು ಬಣ್ಣ ಹಾಕಿ ಹರಿದೆ. ಮನೆಯಲ್ಲಿ ಊಟದ ನಡುವೆ ಎದ್ದು ಹೋಗಿ ಜಗಲಿಯಲ್ಲಿ ನಿಂತೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ ಎಂದು ಹೆಂಡತಿ ಕೇಳಿದಳು. ಹೇಳಲಿಲ್ಲ. ಬ್ರೈಲ್ ಕಪಾಟಿನಲ್ಲಿ ಉಳಿದ ಪುಸ್ತಕಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದೆ. ಎಲ್ಲವೂ ಉಬ್ಬಿಕೊಂಡೇ ಇದ್ದವು. ಒಂದರಲ್ಲೂ ತೇವ ಇರಲಿಲ್ಲ.

ಮೇಡಂ ಆ ಪುಸ್ತಕ ತಯಾರಿಸಿದ ಕಡೆಗೆ ಇನ್ನೊಂದು ಪ್ರತಿಗಾಗಿ ಬರೆದರು. ಕೆಲವು ತಿಂಗಳು ಬೇಕು ಎಂದು ಉತ್ತರ ಬಂತು. ಓದುಗರಿಗೆ ಇಲಾಖಾ ಪರೀಕ್ಷೆ ಇದ್ದದ್ದು ಐದು ವಾರಕ್ಕೆ. ಅವರು ಒಂದು ಕಚೇರಿಯಲ್ಲಿ ಹತ್ತು ವರ್ಷದಿಂದ ಟೆಲಿಫೋನ್ ಆಪರೇಟರ್. ಆ ಪರೀಕ್ಷೆ ಪಾಸಾದರೆ ಸಹಾಯಕರ ಹುದ್ದೆ, ಇಲ್ಲವಾದರೆ ಅದೇ ಕುರ್ಚಿ, ಅದೇ ಹೆಡ್‌ಫೋನು. ಇದೆಲ್ಲ ಮೇಡಂ ನನಗೆ ಹೇಳಿದ್ದಲ್ಲ, ಫೋನಿನಲ್ಲಿ ಬೇರೆಯವರಿಗೆ ಹೇಳುತ್ತಿದ್ದಾಗ ನಾನು ಕೇಳಿಸಿಕೊಂಡದ್ದು.

ಶನಿವಾರ ಅರ್ಧ ದಿನದ ರಜೆ ಹಾಕಿ ಸುರತ್ಕಲ್ಲಿನ ಬಸ್ಸು ಹತ್ತಿದೆ. ಪುಸ್ತಕ ಸರಿ ಮಾಡಲು ಆಗುತ್ತದಾ ನೋಡಿ ಬರುತ್ತೇನೆ ಎಂದು ಮೇಡಂಗೆ ಹೇಳಿದ್ದೆ. ಸುಳ್ಳಲ್ಲ. ಹಬೆ ತೋರಿಸಿದರೆ ಹಾಳೆ ಏಳಬಹುದು ಎಂದು ಒಂದು ಆಸೆ ಇತ್ತು.

ಓದುಗರು ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತಿದ್ದರು. ಮೂವತ್ತೈದರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ಅವರ ಮನೆಮಾತು ಕೊಂಕಣಿ, ನನ್ನದು ತುಳು; ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ದೊಡ್ಡ ಲೈಬ್ರರಿಯಿಂದ ಬಂದಿದ್ದೇನೆ, ಬೈಂಡಿಂಗ್ ಕೆಲಸ ಗೊತ್ತುಂಟು ಎಂದೆ. ಅವರು ನನ್ನ ಕೈ ಕೇಳಿದರು. ತೋರುಬೆರಳನ್ನು ಹಿಡಿದು ಮೊದಲು ಎರಡನೆಯ ಸಂಪುಟದ ಒಂದು ಹಾಳೆಯ ಮೇಲೆ ಎಳೆದರು. ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗಿತ್ತು. ಆಮೇಲೆ ಮೂರನೆಯ ಸಂಪುಟದ ಹಾಳೆ. ಇಸ್ತ್ರಿ ಹಾಕಿದ ಅಂಗಿಯ ಹಾಗೆ ಬೆರಳು ಜಾರಿಕೊಂಡು ಹೋಯಿತು.

"ಅಣ್ಣ, ಇದರ ಮೇಲೆ ಯಾರಾದ್ರೂ ಕೂತಿದ್ರಾ?" ಎಂದು ಕೇಳಿದರು. "ಕೂತಿದ್ರೆ ಒಳ್ಳೆ ಆಳು ಅವ್ರು. ಕೊನೆಯ ಹಾಳೆವರೆಗೆ ಒತ್ತಿದ್ದಾರೆ."

ಶಾಖೆಯ ಅಟೆಂಡರ್ ನಕ್ಕ. ನಾನೂ ನಕ್ಕೆ. ಹೇಳಲಿಲ್ಲ. ಅವರು ರಟ್ಟಿನ ಮೇಲೆ ಕೈಯಾಡಿಸಿ, ಪುಸ್ತಕದ ಹೆಸರಿನ ಚುಕ್ಕೆಗಳ ಮೇಲೆಯೇ ಯಾರೋ ಚೀಟಿ ಅಂಟಿಸಿದ್ದಾರೆ, ಉಗುರು ಹಾಕಿದರೂ ಬರುವುದಿಲ್ಲ, ಇಂಥ ಅಂಟು ನಾನು ನೋಡಿಲ್ಲ ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಎದೆ ಉಬ್ಬುತ್ತಿತ್ತು. ಹಬೆಯ ವಿಷಯ ಕೇಳಿದ್ದಕ್ಕೆ, ಒಮ್ಮೆ ಸತ್ತ ಚುಕ್ಕೆ ಏಳುವುದಿಲ್ಲ ಎಂದರು. ಮೊಬೈಲಿನಲ್ಲಿ ಓದಿಸಿ ಕೇಳಲು ಆಗುವುದಿಲ್ಲವಾ ಎಂದೆ. ಅದು ಓದುತ್ತದೆ, ಆದರೆ ಓಡುತ್ತದೆ. ನಿಯಮದ ನಂಬರು ಬೆರಳಿಗೆ ಸಿಕ್ಕಿದರೆ ಮಾತ್ರ ತಲೆಯಲ್ಲಿ ನಿಲ್ಲುತ್ತದೆ ಎಂದರು. ಬರುತ್ತೇನೆ ಎಂದು ಹೇಳಿ ಬಸ್ ಸ್ಟಾಪಿಗೆ ಬಂದೆ.

ಬಸ್ಸು ಬೈಕಂಪಾಡಿ ದಾಟಿತು, ಪಣಂಬೂರು ದಾಟಿತು. ಸೀಟು ಸಿಕ್ಕಿದ್ದರೂ ನಾನು ಕಂಬ ಹಿಡಿದು ನಿಂತಿದ್ದೆ. ಕಂಡಕ್ಟರ್ ಎರಡು ಸಲ ಕೂರಲು ಹೇಳಿದ. ಆ ಹೆಂಗಸು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು ಅನಿಸುತ್ತಿತ್ತು; ಬೈದವರಿಗೆ ತಿರುಗಿ ಉತ್ತರ ಕೊಡಲು ನನಗೆ ಬರುತ್ತದೆ. ಕೂಳೂರಿನಲ್ಲಿ ಇಳಿದೆ. ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದೆ.

ಅವರು ಶಾಖೆಯ ಮೆಟ್ಟಿಲ ಮೇಲೆ ತಮ್ಮನಿಗಾಗಿ ಕಾಯುತ್ತಿದ್ದರು. ಚಪ್ಪಲಿಯ ಸದ್ದಿನಲ್ಲೇ ಗುರುತು ಹಿಡಿದು, ಎಂತ ಅಣ್ಣ, ಕೊಡೆ ಮರೆತದ್ದಾ ಎಂದರು.

"ಅದರ ಮೇಲೆ ಕಲ್ಲು ಇಟ್ಟದ್ದು ನಾನು" ಎಂದೆ.

ರಸ್ತೆಯಲ್ಲಿ ಎರಡು ಟ್ಯಾಂಕರ್ ಹೋದವು.

"ಎಷ್ಟು ಕಲ್ಲು?"

"ಎರಡು."

"ಕೆಂಪು ಕಲ್ಲಾ? ಮನೆ ಕಟ್ಲಿಕ್ಕೆ ಇಡ್ತಾರಲ್ಲ, ಅಂಥದ್ದಾ?"

"ಹೌದು. ಮೇಲೆ ನಾಲ್ಕು ಡಿಕ್ಷನರಿ ಕೂಡ ಇಟ್ಟಿದ್ದೆ."

"ಡಿಕ್ಷನರಿ ಕೂಡ" ಎಂದು ಅವರು ನಿಧಾನವಾಗಿ ಹೇಳಿದರು. ಮುಖದಲ್ಲಿ ನಗು ಇರಲಿಲ್ಲ. "ನಾನು ಎರಡು ಸಂಪುಟ ಮೂರು ಸಲ ಓದಿದ್ದೇನೆ, ಗೊತ್ತುಂಟಾ? ಪ್ರಶ್ನೆ ಜಾಸ್ತಿ ಬರುವುದು ಈ ಮೂರನೇದ್ರಿಂದ. ಹೋದ ಸಲ ನಾಲ್ಕು ಮಾರ್ಕಿಗೆ ಹೋಗಿದೆ ನಂಗೆ. ನನ್ನ ನಂತರ ಕೆಲಸಕ್ಕೆ ಬಂದವ್ರು ಪಾಸಾಗಿ ಮೇಲೆ ಹೋಗಿ, ನಂಗೆ ಫೋನು ಮಾಡಿ, ಸ್ವಲ್ಪ ಲೈನ್ ಕೊಡಮ್ಮ ಅಂತ ಹೇಳ್ತಾರೆ ಈಗ."

ತೇವ ಎಂದುಕೊಂಡೆ ಎಂದು ನಾನು ವಿವರಿಸತೊಡಗಿದೆ. ಅವರು ಕೈ ಎತ್ತಿ ತಡೆದರು.

"ನಿಮಗೆ ಓದ್ಲಿಕ್ಕೆ ಬರ್ತದಾ?"

ಆ ಪ್ರಶ್ನೆ ನನಗೆ ನಾಟಿತು. ಶಾಲೆ ಬಿಟ್ಟದ್ದು ನಿಜ, ಆದರೆ ಇಪ್ಪತ್ತು ವರ್ಷ ಪುಸ್ತಕ ಹೊಲಿದವನು ನಾನು, ದಿನಕ್ಕೆ ಎರಡು ಪೇಪರು ಓದುತ್ತೇನೆ. ಬರುತ್ತದೆ ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಹಾಗಾದ್ರೆ ಅಚ್ಚಿನ ಪುಸ್ತಕ ತನ್ನಿ. ನೀವು ಓದಿ, ನಾನು ಚುಕ್ಕೆ ಹಾಕ್ತೇನೆ. ಸೋಮವಾರದಿಂದ."

ಮಾರನೆಯ ದಿನ ಭಾನುವಾರ. ನಾನು ಇಡೀ ದಿನ ಬೀದಿ ಸುತ್ತಿದೆ. ಸೋಮವಾರ ಬೆಳಿಗ್ಗೆ ಮೊದಲು ಮೇಡಂಗೆ ಹೇಳಿದೆ, ಆಮೇಲೆ ಡ್ರೈವರನಿಗೆ. ಮೇಡಂ ಅಚ್ಚಿನ ಪುಸ್ತಕವನ್ನು ನನ್ನ ಹೆಸರಿಗೆ ಬರೆದುಕೊಟ್ಟರು. ಡ್ರೈವರ್ ನಾನು ಮಾತು ಮುಗಿಸುವ ಮೊದಲೇ, ಗೊತ್ತುಂಟು ಮಾರಾಯ, ಸುರತ್ಕಲ್ಲಿಗೆ ಬೇಕಾದರೆ ಬಸ್ಸಿನ ಬದಲು ವ್ಯಾನಿನಲ್ಲೇ ಬಾ, ಆದರೆ ಕಲ್ಲು ತರಬೇಡ ಎಂದ.

ವ್ಯಾನಿನ ಹೊತ್ತು ಹೊಂದಲಿಲ್ಲ. ಐದು ಗಂಟೆಗೆ ಕೆಲಸ ಮುಗಿಸಿ ಬಸ್ಸು ಹತ್ತಿದರೆ ಆರಕ್ಕೆ ಸ್ವಲ್ಪ ಮೊದಲು ಸುರತ್ಕಲ್. ಶಾಖೆ ಏಳೂವರೆಗೆ ಮುಚ್ಚುತ್ತದೆ. ಅವರು ಕಚೇರಿಯಿಂದ ನೇರ ಬಂದು ಅದೇ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಎರಡು ತಗಡಿನ ಪಟ್ಟಿಗಳ ನಡುವೆ ದಪ್ಪ ಕಾಗದ ಸಿಕ್ಕಿಸಿ, ಹಿಡಿ ಇರುವ ದಬ್ಬಣದಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುವುದು. ಆಮೇಲೆ ಕಾಗದ ತಿರುಗಿಸಿದರೆ ಎಡದಿಂದ ಬಲಕ್ಕೆ ಚುಕ್ಕೆಗಳು ಎದ್ದಿರುತ್ತವೆ. ನನ್ನ ಒಂದು ವಾಕ್ಯಕ್ಕೆ ಅವರ ಮೂರು ಸಾಲು. ಅಷ್ಟು ಹೊತ್ತು ನಾನು ಕಾಯಬೇಕು.

ಆ ಕಾಯುವಿಕೆ ನನಗೆ ಬೈಂಡಿಂಗ್ ಅಂಗಡಿಯ ಯಾವ ಕೆಲಸಕ್ಕಿಂತಲೂ ಕಷ್ಟವಾಯಿತು. ಕಾಲು ತಾನಾಗಿಯೇ ಅಲುಗಾಡುತ್ತಿತ್ತು. ಮೇಜು ನಡುಗುತ್ತದೆ, ಚುಕ್ಕೆ ಜಾರುತ್ತದೆ, ಕಾಲನ್ನು ಎಲ್ಲಾದರೂ ಕಟ್ಟಿ ಹಾಕಿ ಎಂದು ಮೊದಲ ದಿನವೇ ಹೇಳಿಸಿಕೊಂಡೆ. ಮರುದಿನದಿಂದ ನಿಂತು ಓದಿದೆ. ಅದೂ ಸುಲಭವಲ್ಲ. ಪೇಪರು ಓದುವ ಬಾಯಿಗೆ ಆ ನಿಯಮಗಳ ಭಾಷೆ ಸಿಗುತ್ತಿರಲಿಲ್ಲ. 'ನಿವೃತ್ತ್ಯುತ್ತರ' ಎಂಬಲ್ಲಿ ಎರಡು ಸಲ ಎಡವಿದೆ. ಮೂರನೆಯ ಸಲ ಕೆಮ್ಮಿದೆ. ಅವರು ಕಡ್ಡಿ ಕೆಳಗಿಟ್ಟು ಕಾದರು.

"ಅಣ್ಣ, ಗೊತ್ತಿಲ್ಲದಿದ್ರೆ ಅಕ್ಷರ ಬಿಡಿಸಿ ಹೇಳಿ. ಕೆಮ್ಮಿಗೆ ಬ್ರೈಲಿನಲ್ಲಿ ಚುಕ್ಕೆ ಇಲ್ಲ."

ಅಕ್ಷರ ಬಿಡಿಸಿ ಹೇಳಿದೆ. ಎದುರಿನ ಮೇಜಿನಲ್ಲಿ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆ ಎತ್ತಿ ನೋಡಿದರು. ಆದರೂ ಹೇಳಿದೆ.

ಮೂರು ವಾರ ಹೀಗೆ ನಡೆಯಿತು. ಹೆಂಡತಿಗೆ ಎಲ್ಲ ಹೇಳಿದ ಮೇಲೆ ಅವಳು ದಿನಾ ಬಸ್ಸಿನಲ್ಲಿ ತಿನ್ನಲು ಏನಾದರೂ ಕಟ್ಟಿ ಕೊಡುತ್ತಿದ್ದಳು. ಅದರಲ್ಲಿ ಅರ್ಧ ಆ ಹೆಂಗಸಿಗೆ. ರಜೆಯ ನಿಯಮಗಳು ಮುಗಿದವು, ಪ್ರಯಾಣದ ನಿಯಮಗಳು ಮುಗಿದವು. ಚುಚ್ಚಿದ ಹಾಳೆಗಳ ರಾಶಿ ಅವರ ಮೊಣಕೈಯ ಹತ್ತಿರ ಉಬ್ಬುತ್ತ ಬಂತು. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಕೊನೆಯಲ್ಲಿ ಅನುಬಂಧ ಉಳಿಯಿತು: ಯಾವ ರಜೆಯನ್ನು ಯಾವ ಅಧಿಕಾರಿ ಮಂಜೂರು ಮಾಡಬಹುದು ಎಂಬ ಉದ್ದನೆಯ ಕೋಷ್ಟಕ. ಎಡಪುಟದಲ್ಲಿ ರಜೆಯ ಹೆಸರು, ಬಲಪುಟದಲ್ಲಿ ಅಧಿಕಾರಿಯ ಹೆಸರು. ಆ ದಿನ ಮುಷ್ಕರ, ಸಂಜೆಯ ಬಸ್ಸುಗಳು ಬೇಗ ನಿಲ್ಲುತ್ತವೆ ಎಂದು ಸುದ್ದಿ. ನಾನು ಒಂದು ಕಣ್ಣು ಗಡಿಯಾರದ ಮೇಲಿಟ್ಟು ಸರಸರನೆ ಓದಿ ಮುಗಿಸಿದೆ. ಅವರು, ಇವತ್ತು ಎಲ್ಲೂ ಎಡವಲಿಲ್ಲವಲ್ಲ ಎಂದು ಹೊಗಳಿದರು. ಇನ್ನು ಹತ್ತು ದಿನ ಅವರದ್ದೇ ಓದು. ನನ್ನ ಕೆಲಸ ಮುಗಿಯಿತು.

ಅಚ್ಚಿನ ಪುಸ್ತಕವನ್ನು ಮೇಜಿನ ಮೇಲೆ ಒಂದು ವಾರ ಹಾಗೆಯೇ ಇಟ್ಟುಕೊಂಡಿದ್ದೆ. ಪರೀಕ್ಷೆಗೆ ಎರಡು ದಿನ ಇರುವಾಗ ವಾಮಂಜೂರಿನಿಂದ ಅದೇ ಪುಸ್ತಕಕ್ಕೆ ಬೇಡಿಕೆ ಬಂತು. ಹಸಿರು ಚೀಟಿ ಬರೆದು, ಹೊದಿಕೆ ಹಾಕುವ ಮೊದಲು ಅಭ್ಯಾಸದಂತೆ ಹಾಳೆ ಮಗುಚಿ ಹರಿದದ್ದು ಉಂಟಾ ನೋಡಿದೆ. ಅನುಬಂಧ ತೆರೆಯಿತು. ಎಡಪುಟದ ನಾಲ್ಕನೆಯ ರಜೆಯ ಹೆಸರು ಉದ್ದ. ಎರಡು ಸಾಲು ಹಿಡಿದಿತ್ತು. ಬಲಪುಟದಲ್ಲಿ ಅದರ ಎದುರು ಒಂದೇ ಸಾಲು, ಕೆಳಗೆ ಖಾಲಿ ಜಾಗ. ನಾನು ಎಡದ ಎರಡನೆಯ ಸಾಲನ್ನು ಬೇರೆಯೇ ಒಂದು ರಜೆ ಎಂದು ಓದಿದ್ದೆ. ಅಲ್ಲಿಂದ ಕೆಳಗೆ ಪ್ರತಿ ರಜೆಗೂ ಅದರ ಮುಂದಿನ ರಜೆಯ ಅಧಿಕಾರಿ ಹೊಂದಿಕೊಂಡಿದ್ದ. ಕೊನೆಯಲ್ಲಿ ಒಂದು ರಜೆ ಅಧಿಕಾರಿಯಿಲ್ಲದೆ ಉಳಿದಿರಬೇಕಿತ್ತು. ಬಸ್ಸಿನ ಅವಸರದಲ್ಲಿ ಅದನ್ನು ಮೇಲಿನದಕ್ಕೇ ಸೇರಿಸಿ ಓದಿ ಎದ್ದಿದ್ದೆ.

ಹನ್ನೊಂದರ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಚೀಟಿಯನ್ನು ಹಾಗೇ ಇಟ್ಟು ಅರ್ಧ ಗಂಟೆ ಗೇಟಿನ ಹತ್ತಿರ ನಡೆದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಚ್ಚಿನಲ್ಲೇ ಹಾಗಿತ್ತು ಎನ್ನಬಹುದು. ಹೇಳಿದರೆ, ಎಂಟು ದಿನದಿಂದ ಬಾಯಿಪಾಠ ಮಾಡಿದ್ದನ್ನು ಎರಡು ದಿನ ಇರುವಾಗ ಕಲಕಿದಂತೆ. ತಲೆಯಲ್ಲಿ ಎರಡೂ ಕೂತು ಜಗಳವಾಡಿದರೆ? ಓದಲು ಬರುತ್ತದಾ ಎಂದು ಅವರು ಕೇಳಿದ್ದಕ್ಕೆ ನಾನು ಗಟ್ಟಿಯಾಗಿ ಕೊಟ್ಟ ಉತ್ತರ ಕಿವಿಯಲ್ಲೇ ಇತ್ತು. ಮೇಡಂ ಹೊರಗೆ ಬಂದು ಎಂತಾಯಿತು ಎಂದರು. ರಜೆ ಬೇಕು, ಪುಸ್ತಕ ನಾಳೆ ವಾಮಂಜೂರಿಗೆ ಹೋಗಲಿ ಎಂದೆ.

ಆ ಓದುಗರ ಕಚೇರಿಗೆ ನಾನು ಹೋದದ್ದು ಅದೊಂದೇ ಸಲ. ಮಧ್ಯಾಹ್ನದ ಊಟದ ಬಿಡುವು. ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡು, ಡಬ್ಬಿ ತೆರೆದಿಟ್ಟು, ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಚೀಲದಿಂದ ಹಾಳೆಗಳನ್ನು ತೆಗೆದು ಬೆರಳಲ್ಲಿ ಅನುಬಂಧ ಹುಡುಕಿದರು. ತುಟಿ ಅಲುಗುತ್ತಿತ್ತು.

"ನಾಲ್ಕರಿಂದ ಕೆಳಗಾ?"

"ನಾಲ್ಕರಿಂದ ಕೆಳಗೆ ಎಲ್ಲ."

"ಹನ್ನೊಂದು ಸಾಲು" ಎಂದರು. ಆಮೇಲೆ, "ನಂಗೆ ಒಂದು ಕಡೆ ಸಂಶಯ ಇತ್ತು. ಹೆರಿಗೆ ರಜೆ ಮಂಜೂರು ಮಾಡ್ಲಿಕ್ಕೆ ಅಷ್ಟು ದೊಡ್ಡ ಸಾಹೇಬ ಯಾಕೆ ಅಂತ. ಪುಸ್ತಕದಲ್ಲಿ ಉಂಟಲ್ಲ ಅಂತ ಸುಮ್ಮನಾದೆ."

ಹೊಸ ಹಾಳೆಗೆ ಸಮಯ ಇರಲಿಲ್ಲ. ಬ್ರೈಲಿನಲ್ಲಿ ತಪ್ಪಿದ ಅಕ್ಷರವನ್ನು ಅಳಿಸುವುದು ಹೇಗೆ ಎಂದು ಆ ದಿನ ನೋಡಿದೆ. ಎದ್ದ ಚುಕ್ಕೆಯನ್ನು ಉಗುರಿನಿಂದ ಒತ್ತಿ ಕೂರಿಸಬೇಕು. ಅವರು ಹಾಳೆಯನ್ನು ನನ್ನ ಕಡೆ ತಳ್ಳಿ, ಯಾವ ಸಾಲು ಎಂದು ಬೆರಳಿಟ್ಟು ತೋರಿಸಿದರು.

"ಒತ್ತಿ ಅಣ್ಣ. ನಿಮಗೆ ಅಭ್ಯಾಸ ಉಂಟಲ್ಲ."

ನಾನು ಒತ್ತಿದೆ. ಹನ್ನೊಂದು ಸಾಲು, ಒಂದೊಂದೇ ಚುಕ್ಕೆ. ಪಕ್ಕದ ಸಾಲಿಗೆ ಉಗುರು ತಾಗದ ಹಾಗೆ. ಅವರು ಅತ್ತ ಬರುವ ಫೋನುಗಳಿಗೆ ಉತ್ತರಿಸುತ್ತ, ನಡುವೆ ಊಟ ಮಾಡುತ್ತ, ನಾನು ಮುಗಿಸಿದ ಸಾಲನ್ನು ಮುಟ್ಟಿ ನೋಡಿ ಸರಿ, ಸರಿ ಎನ್ನುತ್ತಿದ್ದರು. ಒಂದು ಕಡೆ ಇಲ್ಲಿ ಇನ್ನೂ ಒಂದು ಬದುಕಿದೆ ಎಂದರು. ಆಮೇಲೆ ಅದೇ ಸಾಲುಗಳಲ್ಲಿ ನಾನು ಓದಿದಂತೆ ಹೊಸದಾಗಿ ಚುಚ್ಚಿದರು. ಈ ಸಲ ನಾನು ಎಡಪುಟದ ಮೇಲೆ ಸ್ಕೇಲು ಇಟ್ಟು, ಪ್ರತಿ ಸಾಲನ್ನೂ ಎರಡು ಸಲ ಓದಿದೆ. ಬಿಡುವು ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಯಾರೋ ಒಳಗಿನಿಂದ ಬಂದು ನನ್ನನ್ನು ನೋಡಿ ಹೋದರು. ಅವರು ನನ್ನನ್ನು ಯಾರೆಂದು ಪರಿಚಯಿಸಲಿಲ್ಲ, ನಾನು ಹೊರಡುವಾಗ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅದು ಸರಿಯೇ.

ಪರೀಕ್ಷೆಯ ದಿನ ನಾನು ನಲವತ್ತು ಚೀಟಿ ಬರೆದೆ, ಅಗತ್ಯ ಇದ್ದದ್ದು ಹದಿನಾರು. ಅವರು ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕೂತ ಒಬ್ಬರು ಬರೆಯುತ್ತಾರೆ ಎಂದು ತಿಳಿದಿತ್ತು. ಆ ಬರೆಯುವವರು ಸಾಲು ತಪ್ಪಬಹುದು ಎಂಬುದು ನನಗೆ ಹೊಸ ಚಿಂತೆಯಾಯಿತು. ಫಲಿತಾಂಶಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಬ್ರೈಲ್ ಕಪಾಟಿನ ಪುಸ್ತಕಗಳಿಗೆ ರಟ್ಟಿನ ಪೆಟ್ಟಿಗೆ ಮಾಡತೊಡಗಿದೆ. ಪುಸ್ತಕ ಅದರಲ್ಲಿ ನಿಂತೇ ಇರುತ್ತದೆ, ನಿಂತೇ ಹೋಗುತ್ತದೆ. ಚೀಟಿ ಪೆಟ್ಟಿಗೆಗೆ ಮಾತ್ರ. ಹುರಿ ಇಲ್ಲ. ವ್ಯಾನಿನಲ್ಲಿ ಇವುಗಳಿಗೆಂದು ಒಂದು ಹಲಗೆಯ ಖಾನೆ ಹೊಡೆಸಿದೆ. ಡ್ರೈವರ್, ಇವರಿಗೆ ಸೀಟ್ ಬೆಲ್ಟ್ ಬೇಡವಾ ಎಂದು ಕೇಳುತ್ತಿದ್ದ.

ಅವರು ಪಾಸಾದರು. ಸುದ್ದಿ ಹೇಳಿದ್ದು ಸುರತ್ಕಲ್ ಶಾಖೆಯ ಅಟೆಂಡರ್, ಫೋನಿನಲ್ಲಿ. ನಾನು ನಿಂತುಕೊಂಡೇ ಕೇಳಿದೆ. ಅನುಬಂಧದಿಂದ ಪ್ರಶ್ನೆ ಬಂದಿತ್ತಾ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ವಾರದ ಮೇಲೆ ವಾಪಸು ಬಂದ ಪುಸ್ತಕಗಳ ಜೊತೆ ಒಂದು ದೊಡ್ಡ ಚೀಲ ಬಂತು. ಒಳಗೆ ಅವರು ಚುಚ್ಚಿದ ಹಾಳೆಗಳು, ಎಲ್ಲವೂ. ಹಾಳಾದ ಸಂಪುಟದ ಬದಲಿಗೆ ಇದನ್ನು ಲೈಬ್ರರಿಗೆ ಇಟ್ಟುಕೊಳ್ಳಿ, ಆ ಅಣ್ಣನ ಹತ್ತಿರವೇ ಬೈಂಡ್ ಮಾಡಿಸಿ ಎಂದು ಮೇಡಂಗೆ ಹೇಳಿ ಕಳುಹಿಸಿದ್ದರು.

ಆ ಕೆಲಸ ನಾಲ್ಕು ದಿನ ತೆಗೆದುಕೊಂಡಿತು. ಒತ್ತದೆ ಪುಸ್ತಕ ಕಟ್ಟುವುದು ನನ್ನ ಕೈಗೆ ಗೊತ್ತಿರಲಿಲ್ಲ. ಬೆನ್ನಿನ ಕಡೆ ಪ್ರತಿ ಎರಡು ಹಾಳೆಗೆ ಒಂದು ದಪ್ಪ ಕಾಗದದ ಪಟ್ಟಿ ಸೇರಿಸಿದೆ, ಹೊಲಿಗೆಯ ಜಾಗವೂ ಚುಕ್ಕೆಗಳಷ್ಟೇ ಎತ್ತರಕ್ಕೆ ಬರಲಿ ಎಂದು. ಎರಡು ಸಲ ಬಿಚ್ಚಿ ಮತ್ತೆ ಹೊಲಿದೆ. ಅಂಟು ಒಣಗುವಾಗ ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು, ಎಳೆದುಕೊಂಡೆ. ಮುಗಿದಾಗ ಅದು ಉಬ್ಬಿಕೊಂಡೇ ಇತ್ತು, ನನ್ನ ಯಜಮಾನರು ನೋಡಿದ್ದರೆ ಮೋರೆ ತಿರುಗಿಸುತ್ತಿದ್ದರು. ಅನುಬಂಧದ ಹಾಳೆಯನ್ನು ತೆರೆದು, ನಾನು ಒತ್ತಿದ ಜಾಗದಲ್ಲಿ ಬೆರಳಾಡಿಸಿದೆ. ಹಳೆಯ ಚುಕ್ಕೆಗಳ ಗುಂಡಿ ಇನ್ನೂ ಸಿಗುತ್ತದೆ. ಪೂರ್ತಿ ಹೋಗುವುದಿಲ್ಲ ಅದು.

ಆ ಸಂಪುಟವನ್ನು ಇಲ್ಲಿಯವರೆಗೆ ಇನ್ನಿಬ್ಬರು ತರಿಸಿಕೊಂಡು ಓದಿದ್ದಾರೆ. ಅದು ವ್ಯಾನಿನಲ್ಲಿ ಹೋದ ದಿನವೆಲ್ಲ ನಾನು ಗೇಟಿನ ಹತ್ತಿರವೇ ಇರುತ್ತೇನೆ, ತಲುಪಿತಾ ಎಂದು ಶಾಖೆಗೆ ಫೋನು ಮಾಡುತ್ತೇನೆ. ಇನ್ನೂ ಮಾಡುತ್ತೇನೆ.

ಈಗ ನನ್ನ ವಶದಲ್ಲಿ ಇರುವುದು ಇಷ್ಟು: ಬ್ರೈಲ್ ಪುಸ್ತಕಗಳು ಐವತ್ತೆರಡು, ಅವುಗಳಲ್ಲಿ ಕೆಟ್ಟದ್ದು ಒಂದು. ನಾನು ಮಾಡಿದ ಪೆಟ್ಟಿಗೆಗಳು ಮೂವತ್ತೊಂದು, ಮಾಡಲು ಬಾಕಿ ಇಪ್ಪತ್ತೊಂದು. ನನ್ನ ಬೆರಳಿಗೆ ಇದುವರೆಗೆ ಗುರುತು ಸಿಗುವ ಬ್ರೈಲ್ ಅಕ್ಷರಗಳು ಒಂಬತ್ತು.